ಕೂಸಿಗೆ ಒಗ್ಗದ ಹಾಲು

"ಇನ್ನ ಮ್ಯಾಲ ಎದಿಹಾಲು ಕುಡಿಸಬ್ಯಾಡವ್ವ. ಒಂದು ಗುಟುಕೂ ಬ್ಯಾಡ," ಎಂದು ಡಾಕ್ಟರ್ ಭಾಗ್ಯಶ್ರೀ ಹೇಳಿದಾಗ ಪೂನಮ್ ಸೆರಗಿನೊಳಗಿದ್ದ ಮಗನನ್ನು ಇನ್ನಷ್ಟು ಅವಚಿಕೊಂಡಳು.

ಅತ್ತೆ ಅನಸುಬಾಯಿ ಎದ್ದು ನಿಂತಳು. "ತಾಯಿ ಹಾಲ ಬ್ಯಾಡಂದ್ರ ಹ್ಯಾಂಗ್ರಿ ಮೇಡಂ? ಮದಲಿನ ಕೂಸಿಗಿ ಕೊನೀತನ ಅವೇ ಕುಡಿಸೀವ್ರಿ ನಾವು."

ಸೇಡಂ ದವಾಖಾನೆಯ ಆ ಕೋಣೆಯಲ್ಲಿ ಭಾಗ್ಯಶ್ರೀ ಕೂಸಿನ ಕಣ್ಣರೆಪ್ಪೆ ಎತ್ತಿ ಇನ್ನೊಮ್ಮೆ ನೋಡಿದರು. ಕುರಕುಂಟಾ ಊರಿನ ಮನೆಯಲ್ಲಿ ಪೂನಮ್‌ಳ ಮೊದಲ ಹೆಣ್ಣುಕೂಸೂ ಹೀಗೆಯೇ ಮೈಯೆಲ್ಲ ಅರಿಶಿಣದ ಬಣ್ಣಕ್ಕೆ ತಿರುಗಿ, ಕುಡಿದದ್ದನ್ನೆಲ್ಲ ಕಾರಿಕೊಂಡು, ಹೆಸರಿಡುವ ಮೊದಲೇ ಹೋಗಿಬಿಟ್ಟಿತ್ತು. ಕಾಮಾಲೆ ಎಂದಿದ್ದರು. ಈಗ ಇವನ ಕಣ್ಣೂ ಹಳದಿ.

ಆ ಕಥೆ ಕೇಳಿಯೇ ಭಾಗ್ಯಶ್ರೀಗೆ ಅನುಮಾನ ಬಂದದ್ದು. ಮೈಯಲ್ಲಿ ಆಹಾರ ಅರಗದಿರುವ ಇಂಥ ಹುಟ್ಟುರೋಗಗಳಿಗೆಂದೇ ದೇಶದ ಮಕ್ಕಳ ಡಾಕ್ಟರುಗಳು ಕಟ್ಟಿಕೊಂಡ ಸಂಘವೊಂದರಲ್ಲಿ ಅವರೂ ಸದಸ್ಯೆ. ಬೆಳಿಗ್ಗೆ ಕೂಸಿನ ಮೂತ್ರ ಪರೀಕ್ಷೆಯ ವಿವರ ಕಳಿಸಿ ಸಂಘದ ಹಿರಿಯರೊಬ್ಬರಿಗೆ ಫೋನ್ ಮಾಡಿದ್ದರು. ರಕ್ತದ ವರದಿ ಬರುವವರೆಗೆ ಕಾಯಬೇಡಿ, ಹಾಲು ಈಗಲೇ ನಿಲ್ಲಿಸಿ ಎಂದಿದ್ದರು ಆ ಹಿರಿಯರು.

"ನನ್ ಹಾಲೇ ವಿಷ ಆದ್ವೇನ್ರಿ?" ಎಂದಳು ಪೂನಮ್. "ಮಗಳಿಗೂ ನಾನೇ..."

"ಇಲ್ಲವ್ವ. ನಿನ್ನ ಹಾಲು ಚಲೋನೇ ಅವ. ಹಾಲಿನಾಗಿನ ಸಕ್ಕರಿ ಅರಗಿಸೋ ಶಕ್ತಿ ಈ ಕೂಸಿಗಿಲ್ಲ, ಅಷ್ಟೇ. ಸೋಯಾ ಪುಡಿ ಕಲಸಿ ಕೊಡೋಣ."

ಪೂನಮ್ ಕೂಸನ್ನು ಅತ್ತೆಯ ತೊಡೆಗೆ ಕೊಟ್ಟಳು. "ಕುಡಸ್ರಿ ಅತ್ತಿ," ಎಂದು ಗೋಡೆಯತ್ತ ತಿರುಗಿ ಕುಳಿತಳು.

ದವಾಖಾನೆಯ ವಾರ್ಡಿನಲ್ಲಿ ದಿನ ಕಳೆದಂತೆ ವಾಂತಿ ನಿಂತಿತು. ಕಣ್ಣಿನ ಹಳದಿ ಇಳಿಯತೊಡಗಿತು. ವರದಿ ಬಂತು, ಸಂಘದ ಹಿರಿಯರು ಹೇಳಿದ್ದೇ ನಿಜವಾಯಿತು. ಚಮಚದಲ್ಲಿ ಕುಡಿಯುತ್ತ ಕೂಸು ತುಟಿ ಚಪ್ಪರಿಸಿದರೆ ಪೂನಮ್‌ಗೆ ನಗು ಬರುತ್ತಿತ್ತು. ಎದೆ ಕಲ್ಲಾಗಿ, ಕುಪ್ಪಸ ತೊಯ್ದು, ಹಾಲು ಹಿಂಡಿ ಚೆಲ್ಲುವಾಗ ಅಳು.

ಪಕ್ಕದ ಮಂಚದಲ್ಲಿ ರಿಹಾನಳ ಹೆಣ್ಣುಕೂಸು ಹಸಿದು ಚೀರುತ್ತಿತ್ತು. ಹೆರಿಗೆಯಲ್ಲಿ ಬಹಳ ರಕ್ತ ಹೋಗಿ ಅವಳಿಗಿನ್ನೂ ಹಾಲು ಇಳಿದಿರಲಿಲ್ಲ.

ಭಾಗ್ಯಶ್ರೀ ರೋಗಿಗಳನ್ನು ನೋಡಲು ಬಂದಾಗ ಪೂನಮ್ ಮೆಲ್ಲಗೆ ಕೇಳಿದಳು, "ಆ ಕೂಸಿಗಿ ನನ್ ಹಾಲು ನಡೀತಾವೇನ್ರಿ?"

ಡಾಕ್ಟರ್ ಪೂನಮ್‌ಳ ರಕ್ತಪರೀಕ್ಷೆಯ ಕಾಗದಗಳನ್ನು ತಿರುವಿ, ಯಾವ ಸೋಂಕೂ ಇಲ್ಲವೆಂದು ಖಚಿತ ಮಾಡಿಕೊಂಡರು. "ನಡೀತಾವ. ಅಕಿಗೂ ಒಂದ್ ಮಾತ ಕೇಳು."

ಕೇಳಬೇಕಾಗಲಿಲ್ಲ. ರಿಹಾನ ಮಲಗಿದ್ದಲ್ಲಿಂದಲೇ ಕೂಸನ್ನು ಇತ್ತ ಸರಿಸಿದಳು. "ಕುಡಸ್ರಿ ಅಕ್ಕಾ. ನಮ್ಮಾಗ ಒಂದೇ ಎದಿಹಾಲು ಕುಡದವ್ರು ಅಣ್ಣ-ತಂಗೀರಿ. ಇಕಿಗಿ ಒಬ್ಬ ಅಣ್ಣ ಸಿಕ್ಕಂಗಾಯ್ತು."

ಕೂಸು ತಡಕಾಡಿ ಬಾಯಿ ಹಚ್ಚಿತು. ಪೂನಮ್ ಕಣ್ಣು ಮುಚ್ಚಿದಳು. ಅನಸುಬಾಯಿ ನಿದ್ದೆ ಹೋದ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ಎದ್ದು ಬಂದು, ಇನ್ನೊಂದು ಕೈಯಿಂದ ಸೊಸೆಯ ಬೆನ್ನಿಗೆ ದಿಂಬು ಒತ್ತಿಟ್ಟಳು.