ಎಚ್ಚರವಾಗಿದ್ದ ಅಕ್ಕ

ನನಗೆ ಕೋಪ ಮೂಗಿನ ತುದೀಲೇ. ಅದನ್ನ ಮುದ್ದು ಮಾಡಿ ಸಾಕಿದವಳು ನಮ್ಮಕ್ಕ. ಅಮ್ಮ ಹೋದಮೇಲೆ ಹೊಲಿಗೆ ಮಿಷನ್ ತುಳಿದು ನನ್ನನ್ನ ಓದಿಸಿದ್ದೂ ಅವಳೇ. ಇವತ್ತು ಅವಳನ್ನ ನನ್ನ ಕೆಲಸದ ಜಾಗಕ್ಕೆ ಕರ್ಕೊಂಡು ಹೋಗಿದ್ದೆ.

ಆಸ್ಪತ್ರೆಯಲ್ಲಿ ಮಿದುಳಿನ ಅಲೆ ದಾಖಲು ಮಾಡೋದು ನನ್ನ ಕೆಲಸ. ತಲೆಗೆ ತಂತಿಗಳ ಟೋಪಿ ಹಾಕಿ, ಕೂದಲ ಸಂದಿಗೆ ಜೆಲ್ ತುಂಬಿ, ಕಣ್ಣು ಮುಚ್ಚಿ ಕೂರಿಸ್ತೀನಿ. ಮರೆವಿನ ಕಾಯಿಲೆ ಶುರುವಾಗೋವಾಗಲೇ ಅಲೆಗಳು ನಿಧಾನ ಆಗಬಹುದು. ಅದನ್ನ ಗುರುತಿಸೋಕೆ ಕಂಪ್ಯೂಟರಿಗೆ ಕಲಿಸ್ತಿದ್ದಾರೆ. ಹೋಲಿಸಿ ನೋಡೋಕೆ ಚೆನ್ನಾಗಿರೋ ವಯಸ್ಸಾದವರೂ ಬೇಕು, ಅವರೇ ಸಿಗಲ್ಲ. "ನಮ್ಮಕ್ಕ ಇದ್ದಾಳಲ್ಲ, ಗುಂಡುಕಲ್ಲಿನ ಹಾಗೆ" ಅಂತ ನಾನೇ ಬೀಗಿದ್ದೆ.

ಒಂದು ತೊಡಕಿದೆ. ಬರೀ ತೂಕಡಿಸಿದ್ರೂ ಅಲೆ ನಿಧಾನ ಆಗುತ್ತೆ. ಅದಕ್ಕೇ ಆಗಾಗ "ಬೆರಳು" ಅಂತೀವಿ, ಕೂತವರು ಬೆರಳೆತ್ತಬೇಕು. ಎತ್ತದಿದ್ರೆ 'ನಿದ್ದೆ' ಅಂತ ಗುರುತು ಹಾಕಿ ಆ ದಾಖಲೆ ಪಕ್ಕಕ್ಕಿಡ್ತೀವಿ.

ಅಕ್ಕನ ಅಲೆ ನಿಧಾನವಾಗಿತ್ತು. ಕಂಪ್ಯೂಟರ್ ಅವಳನ್ನ ಕಾಯಿಲೆಯವರ ಗುಂಪಿಗೆ ಸೇರಿಸ್ತು. "ಬೆರಳು" ಅಂದೆ. ಎತ್ತಿದಳು. ಮತ್ತೆ ಅಂದೆ, ಮತ್ತೆ ಎತ್ತಿದಳು. ಪಕ್ಕದಲ್ಲಿ ಕಂಪ್ಯೂಟರ್ ನೋಡಿಕೊಳ್ಳೋ ಎಂಜಿನಿಯರ್ ಹುಡುಗಿ ಕೂತಿದ್ದಳು. ನನಗೆ ನಾಚಿಕೆಯಾಯ್ತು, ಅದೂ ಅಕ್ಕನ ಬಗ್ಗೆ.

"ಏನಕ್ಕ ನೀನು, ನಿದ್ದೆ ಮಾಡಬೇಡ ಅಂತ ಎಷ್ಟು ಸಲ ಬಡ್ಕೊಳ್ಳಲಿ? ಇಲ್ಲಿ ಬಂದು ನನ್ನ ಮಾನ ಕಳೀತೀಯಲ್ಲ."

"ಇಲ್ಲ ಕಣೇ, ಎಚ್ಚರವಾಗೇ..." ಅಂದವಳು ನನ್ನ ಮುಖ ನೋಡಿ, "ಜೊಂಪು ಹತ್ತಿತ್ತೇನೋ" ಅಂದಳು.

ನಾನು 'ನಿದ್ದೆ' ಅಂತ ಗುರುತು ಹಾಕಿದೆ. ಕಾಯಿಲೆಯೇ ಇರಬಹುದು ಅನ್ನೋ ಭಯ ನನ್ನದು, ಬೈಗುಳ ಅವಳಿಗೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅನ್ನೋದು ಇದಕ್ಕೇ.

"ಮೇಡಂ, ಅವರು ಪ್ರತಿ ಸಲಾನೂ ಬೆರಳೆತ್ತಿದ್ರಲ್ವಾ?" ಅಂದಳು ಎಂಜಿನಿಯರ್. "ನಿದ್ದೆ ಅಂತ ಹಾಕಿದ್ರೆ ಡಾಕ್ಟರ್ ಇದನ್ನ ನೋಡೋದೇ ಇಲ್ಲ."

"ನಿನ್ನ ಕೆಲಸ ನೀನು ನೋಡ್ಕೋ" ಅಂದೆ.

ಆಮೇಲೆ ಆಸ್ಪತ್ರೆಯ ಬಚ್ಚಲಲ್ಲೇ ಅಕ್ಕನ ತಲೆ ಬಗ್ಗಿಸಿ ಜೆಲ್ ತೊಳೀತಿದ್ದೆ. "ನಿನ್ನ ಜೊತೆಯವರ ಮುಂದೆ ಹೀಗಾಯ್ತಲ್ಲ, ಬೇಜಾರು ಮಾಡ್ಕೋಬೇಡ" ಅಂದಳು. "ನೀನು ಬೆರಳು ಅಂದಾಗೆಲ್ಲ ಎತ್ತಿದ ಹಾಗೇ ನೆನಪು. ಆದ್ರೆ ಈಚೆಗೆ ನನ್ನ ತಲೆ ಮೇಲೆ ನನಗೇ ನಂಬಿಕೆ ಇಲ್ಲ ಕಣೇ. ಬಟ್ಟೆ ಕತ್ತರಿಸ್ತಾ ಇದ್ದ ಹಾಗೇ ಅಳತೆ ಮರೆತುಹೋಗುತ್ತೆ. ಅದಕ್ಕೇ ನೀನು ಏನು ಹೇಳ್ತೀಯೋ ಅದನ್ನೇ ನಂಬ್ತೀನಿ."

ಭೂಮಿ ಬಾಯಿಬಿಟ್ಟು ನನ್ನನ್ನ ನುಂಗಬಾರದಾ ಅನ್ನಿಸ್ತು. ತನ್ನ ನೆನಪನ್ನ ನನ್ನ ಕೈಗೆ ಕೊಟ್ಟವಳಿಗೆ ನಾನು ಕೊಟ್ಟಿದ್ದು ಸುಳ್ಳು.

"ಅಕ್ಕ, ನೀನು ನಿದ್ದೆ ಮಾಡಿರಲಿಲ್ಲ. ಬೆರಳೆತ್ತಿದ್ದು ನಾನು ಕಣ್ಣಾರೆ ನೋಡಿದೀನಿ."

ಅವಳು ಒದ್ದೆ ಕೂದಲು ಹಿಂಡಿಕೊಂಡಳು. "ಹಾಗಾದ್ರೆ ಕಾಯಿಲೇನಾ?"

"ಗೊತ್ತಿಲ್ಲ. ಡಾಕ್ಟರ್ ನೋಡಬೇಕು."

"ನೋಡಲಿ. ಮೊದಲು ನಡಿ, ನಾನು ಎಚ್ಚರವಾಗಿದ್ದೆ ಅಂತ ಆ ಹುಡುಗಿ ಮುಂದೆ ಹೇಳು. ನನ್ನೆದುರಿಗೇ ಹೇಳಬೇಕು."

ಹೋಗಿ ಗುರುತು ಬದಲಿಸಿದೆ, ಹೇಳಿದೆ. ನನ್ನ ತಲೆ ಮೇಲೇಳಲಿಲ್ಲ. ಅಕ್ಕ ಮಾತ್ರ ಒದ್ದೆ ಕೂದಲಲ್ಲೇ ತಲೆ ಎತ್ತಿಕೊಂಡು ನಿಂತಿದ್ದಳು.