ಜಂಬಣ್ಣ ಓದಿದ ವರದಿ

ಸಿಂಧನೂರಿನ ಹೊರಗಿದ್ದ ಆ ಖಾಸಗಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಜಂಬಣ್ಣ ಮುಖ್ಯಸ್ಥನಾಗಿ ಒಂಬತ್ತು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ಅವನು ಒಂದೇ ಒಂದು ಪುಸ್ತಕ ತೆರೆದದ್ದನ್ನೂ ಯಾರೂ ಕಂಡಿರಲಿಲ್ಲ.

ತಪಾಸಣಾ ಸಮಿತಿ ಬರುವ ಹಿಂದಿನ ದಿನ, ಗುತ್ತಿಗೆಯ ಮೇಲೆ ಕೆಲಸಕ್ಕಿದ್ದ ನಾಗವೇಣಿಯನ್ನು ಕರೆದ. ಅವಳು ದಿನಾ ಮಸ್ಕಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು.

“ಹೊಸ ಸೇವೆ, ಹೊಸ ಸಿಬ್ಬಂದಿ, ಹೊಸ ಪುಸ್ತಕ ಅಂತ ಒಂದು ವರದಿ ಬರಿಯವಾ. ನಾಳೆ ನಾ ಓದತೀನಿ.”

“ಹೊಸದು ಏನೂ ಬಂದಿಲ್ಲಲ್ರೀ ಸರ್?”

“ನೀ ಬರೀ. ಒಳಗ ಏನೈತಿ ಅಂತ ಯಾರು ನೋಡಾಕ ಬರ್ತಾರ?”

ನಾಗವೇಣಿಗೆ ಹೇಸಿಕೆಯಾಯಿತು. ಇದ್ದದ್ದನ್ನೇ ಎರಡು ಪುಟ ಬರೆದು ಮಧ್ಯಾಹ್ನವೇ ಕೊಟ್ಟಳು. ಅವನು ಮಡಚಿ ಜೇಬಿಗಿಟ್ಟುಕೊಂಡ.

ಮರುದಿನ ಹೆಗಲಿಗೆ ಶಾಲು ಹಾಕಿಕೊಂಡು ಸಮಿತಿಯ ಮುಂದೆ ಗಟ್ಟಿಯಾಗಿ ಓದತೊಡಗಿದ. “ಈ ವರ್ಷ ಒಂದೂ ಪುಸ್ತಕ ಕೊಂಡಿಲ್ಲ. ಹೊಸ ಸಿಬ್ಬಂದಿಯೆಂದರೆ ಮುಖ್ಯಸ್ಥರ ಅಳಿಯ ವೀರೇಂದ್ರ. ಅವರಿನ್ನೂ ಗ್ರಂಥಾಲಯ ನೋಡಿಲ್ಲ. ವಿದ್ಯಾರ್ಥಿಗಳು ಓದುವ ಕೋಣೆಯಲ್ಲಿ ಈಗ ಮುಖ್ಯಸ್ಥರು ಮಲಗುತ್ತಾರೆ…”

ಅವನು ಗಡಬಡಿಸಿ ಕಾಗದ ಮಡಚತೊಡಗಿದ. ಸಮಿತಿಯ ಅಧ್ಯಕ್ಷೆ ಕಾಗದ ಇಸಿದುಕೊಂಡು ಉಳಿದದ್ದನ್ನು ತಾವೇ ಓದಿದರು.

ಸಮಿತಿ ಹೋದ ಮೇಲೆ ಜಂಬಣ್ಣ ಕೂಗಾಡಿದ. “ನನ್ನ ಇಜ್ಜತ್ ಕಳದಿ! ನಾಳಿಂದ ಬರಬ್ಯಾಡ!”

“ನಿನ್ನೆ ಮಧ್ಯಾಹ್ನಾನ ನಿಮ್ಮ ಕೈಯಾಗ ಕೊಟ್ಟಿದ್ನೆಲ್ರೀ ಸರ್,” ಎಂದಳು ನಾಗವೇಣಿ. “ಎರಡು ಪುಟ ಓದಾಕ ಒಂದು ದಿನ ಸಾಲಲಿಲ್ಲೇನ್ರೀ?”

ಅವಳೀಗ ಲಿಂಗಸುಗೂರಿನ ಕಾಲೇಜೊಂದರಲ್ಲಿ ಕೆಲಸ ಮಾಡುತ್ತಾಳೆ. ಜಂಬಣ್ಣನನ್ನು ಹಾಸ್ಟೆಲ್ ಉಸ್ತುವಾರಿಗೆ ಹಾಕಿದರು. ಪುಸ್ತಕಗಳ ಕಾಟ ತಪ್ಪಿತೆಂದು ಅವನು ಅಲ್ಲಿ ಸುಖವಾಗಿದ್ದಾನಂತೆ.