ರದ್ದಿ ಹಾಳೆಯ ಹಿಂಬದಿ

ಕೇಕು ಇನ್ನೂ ಬಾಯಲ್ಲಿರುವಾಗಲೇ ಹಾರ್ಮ್ ಒಂದು ದಪ್ಪ ಸುರುಳಿಯನ್ನು ತಂದು ಯೋರಿಟ್‌ನ ಮಡಿಲಿಗೆ ಹಾಕಿದ. ರಬ್ಬರ್ ಬ್ಯಾಂಡ್ ಬಿಗಿದ ದೊಡ್ಡ ಹಾಳೆಗಳು, ಶಾಯಿಯ ವಾಸನೆ.

"ನಿಂಗೇ ಅಂತ ಎತ್ತಿಟ್ಟಿದ್ದು. ಯಾವಾಗ್ಲೂ ರದ್ದಿ ರಾಶಿಯಿಂದ ಇವನ್ನೇ ಅಲ್ವಾ ನೀನು ಆರಿಸ್ಕೊಂಡು ಹೋಗ್ತಿದ್ದದ್ದು?"

ಯೋರಿಟ್ ನಗಲು ಹೋಗಿ ಕೆಮ್ಮಿದ.

ಗ್ರೋನಿಂಗೆನ್ ಊರಿನ ಕಾಲುವೆ ಪಕ್ಕದ ಆ ಮುದ್ರಣಾಲಯದಲ್ಲಿ ಹಾರ್ಮ್‌ಗೆ ಅದು ಕೊನೆಯ ದಿನ. ನಲವತ್ತೊಂದು ವರ್ಷ ಯಂತ್ರದ ಮುಂದೆ ನಿಂತು ಸವೆದವನು. ಕೆಲಸ ಬಿಟ್ಟು ಹೋಗುವವನೇ ಎಲ್ಲರಿಗೂ ಕೇಕು ತರುವುದು ಅಲ್ಲಿನ ರೂಢಿ, ತಂದಿದ್ದ. ತಲೆಗೊಂದು ತುಂಡಿನಂತೆ ಎಣಿಸಿ ಕತ್ತರಿಸುವಾಗ, ರದ್ದಿಗೆಂದು ಬಂದು ಹೋಗುವ ಕಲಾವಿದ ಯೋರಿಟ್‌ನ ತಲೆಯನ್ನೂ ಎಣಿಸಿದ್ದ. ಕರೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಯೋರಿಟ್‌ಗೆ ಅನ್ನಿಸಿತು.

"ನಾಳೆ ನಿನ್ನ ಪ್ರದರ್ಶನಕ್ಕೆ ನಾನೂ ಬರ್ತೀನಿ. ಹೆಂಡ್ತಿನೂ ಬರ್ತಾಳಂತೆ. ಅದಕ್ಕೇಂತ ಹೊಸ ಕೋಟು ಬೇರೆ ತಗೊಂಡಿದಾಳೆ."

"ತುಂಬಾ ಜನ ಇರ್ತಾರೆ. ನಿಮಗೆ ಕಾಲು ನೋವು ಅಂತಿದ್ರಿ..."

"ಕಾಲು ನಂದು ಮಾರಾಯ. ನಿಂಗ್ಯಾಕೆ ಅದರ ಚಿಂತೆ?"

ಸೈಕಲ್ಲಿನ ಹಿಂದೆ ಸುರುಳಿ ಕಟ್ಟಿಕೊಂಡು ಹೊರಟಾಗ ಹನ್ನೊಂದು ಗಂಟೆ. ನಾಲ್ಕಕ್ಕೆ ಅವನ ಸ್ಟುಡಿಯೋಗೆ ಗ್ಯಾಲರಿಯ ಲೀಸ್‌ಬೆತ್ ಬರುತ್ತಾಳೆ. ಅಷ್ಟರೊಳಗೆ ಗೋಡೆಯ ಬರಹಕ್ಕೆ, ಎಂದರೆ ಪ್ರದರ್ಶನದ ಗೋಡೆಗೆ ಅಂಟಿಸುವ ಪರಿಚಯದ ಮಾತಿಗೆ, ಅವನು ಒಪ್ಪಿಗೆ ಕೊಡಬೇಕು. ಆ ಬರಹದಲ್ಲಿ ಒಂದೇ ಹೆಸರಿತ್ತು: ಯೋರಿಟ್ ವೀರ್ಸ್ಮಾ.

ಅವನು ಕದ್ದಿರಲಿಲ್ಲ. ಹೀಗೆಂದು ತನಗೆ ತಾನೇ ಹನ್ನೆರಡು ವರ್ಷದಿಂದ ಹೇಳಿಕೊಳ್ಳುತ್ತಿದ್ದ. ಯಂತ್ರಕ್ಕೆ ಹೊಸ ಕೆಲಸ ಏರಿಸಿದಾಗ ಬಣ್ಣ ಹದಕ್ಕೆ ಬರುವ ತನಕ ಯಾರೂ ಒಳ್ಳೆಯ ಕಾಗದ ಹಾಳು ಮಾಡುವುದಿಲ್ಲ. ಹಿಂದಿನ ಕೆಲಸಗಳ ರದ್ದಿ ಹಾಳೆಗಳನ್ನೇ ಮತ್ತೆ ಮತ್ತೆ ಹಾಯಿಸುತ್ತಾರೆ. ಹಾಗಾಗಿ ಮೀನಿನ ದರಪಟ್ಟಿಯ ಮೇಲೆ ಚರ್ಚಿನ ಹಾಡು ಬೀಳುತ್ತದೆ, ಹಾಡಿನ ಮೇಲೆ ಸೈಕಲ್ ಅಂಗಡಿಯ ಜಾಹೀರಾತು. ಯಾರೂ ಮಾಡದ ಚಿತ್ರ. ಯಾರೂ ಮಾಡದ್ದನ್ನು ಕದಿಯುವುದು ಹೇಗೆ? ಆರಿಸಿ ತಂದ ಮೊದಲ ಹಾಳೆಯನ್ನು ತಮಾಷೆಗೆಂದು ತನ್ನ ಹೆಸರಿನಲ್ಲಿ ಸ್ಪರ್ಧೆಗೆ ಕಳಿಸಿದ್ದ. ಬಹುಮಾನ ಬಂತು. ಆಮೇಲೆ ತಮಾಷೆ ಎಂದು ಹೇಳುವ ಧೈರ್ಯ ಬರಲಿಲ್ಲ. ಸಂದರ್ಶನಗಳಲ್ಲಿ 'ಆಕಸ್ಮಿಕಕ್ಕೆ ಶಿಸ್ತು ಕಲಿಸುವುದು' ಎಂದೆಲ್ಲ ಮಾತಾಡಿದ. ಮಾತು ಚೆನ್ನಾಗಿತ್ತು. ಕಲಾ ವಿದ್ಯಾರ್ಥಿಗಳು ಬರೆದುಕೊಂಡರು.

ಸ್ವಂತ ಕೈಯಿಂದ ಪ್ರಯತ್ನಿಸಿರಲಿಲ್ಲ ಎಂದಲ್ಲ. ಕಂಪ್ಯೂಟರಿನಲ್ಲಿ ಪದರದ ಮೇಲೆ ಪದರ ಇಟ್ಟು ನೋಡಿದ್ದ. ಒಂದಕ್ಕೂ ಜೀವ ಬರಲಿಲ್ಲ.

ಸ್ಟುಡಿಯೋದ ಮೇಜಿನ ಮೇಲೆ ಸುರುಳಿ ಬಿಚ್ಚಿದ. ಮೇಲಿನ ಹಾಳೆ ನೋಡಿ ಒಂದು ಕ್ಷಣ ಎಲ್ಲ ಮರೆತ. ತೆಳು ನೀಲಿಯ ಅಡಿಯಿಂದ ಒಂದು ಮೀನಿನ ಕಣ್ಣು ಎದ್ದು ಬಂದಿತ್ತು. ಅದರ ಸುತ್ತ ತಲೆಕೆಳಗಾದ ಚಕ್ರ, ಚಕ್ರದ ಅರಗಳ ನಡುವೆ ಹಾಡಿನ ಸಾಲುಗಳು. ಇಷ್ಟು ಚೆಲುವಾದದ್ದನ್ನು ಅವನು ಎಂದೂ ನೋಡಿರಲಿಲ್ಲ. ಗ್ಯಾಲರಿಯ ನಡುವೆ ಲೀಸ್‌ಬೆತ್ ಖಾಲಿ ಬಿಟ್ಟಿರುವ ಜಾಗಕ್ಕೆ ಇದೇ ಸರಿ ಎಂಬ ಯೋಚನೆ ತಾನಾಗಿಯೇ ಬಂತು. ನಾಚಿಕೆಯೂ ಬಂತು, ಆದರೆ ಅದರ ಹಿಂದೆ, ಮೊದಲಲ್ಲ.

ಸುರುಳಿ ಸುತ್ತಿಕೊಳ್ಳದಿರಲೆಂದು ಹಾಳೆಯನ್ನು ಮಗುಚಿ ಹಾಕಿದ.

ಹಿಂಬದಿಯಲ್ಲಿ ಪೆನ್ಸಿಲಿನ ಬರಹವಿತ್ತು. ಗುಂಡಗಿನ, ಒತ್ತಿ ಬರೆದ ಅಕ್ಷರ. 'ಮೊದಲು ಮೀನು. ಹಾಡು ಆಮೇಲೆ, ನೀಲಿ ತೀರಾ ತೆಳು. ಸೈಕಲ್ ತಿರುಗಿಸಿ ಹಾಕು. ಕಣ್ಣಿನ ಹತ್ತಿರ ಏನೂ ಬೀಳಬಾರದು.' ಕೆಳಗೆ ತಾರೀಖು. ಅದರ ಕೆಳಗೆ, ಹಾರ್ಮ್ ಬೋಲ್‌ಹೌಸ್.

ಎರಡನೆಯ ಹಾಳೆ ಮಗುಚಿದ. ಮೂರನೆಯದು. ಎಲ್ಲದರಲ್ಲೂ ಬರಹ, ಎಲ್ಲದರಲ್ಲೂ ಅದೇ ಹೆಸರು.

ಗೋಡೆಯ ಮೇಲಿದ್ದ ಆ ಮೊದಲ ಬಹುಮಾನದ ಹಾಳೆಯನ್ನು ಇಳಿಸಿ ಚೌಕಟ್ಟು ಬಿಚ್ಚಿದ. ಹಿಂದೆ ದಪ್ಪ ರಟ್ಟು. ಗಟ್ಟಿಯಾಗಿ ನಿಲ್ಲಲೆಂದು ಪ್ರತಿಯೊಂದನ್ನೂ ರಟ್ಟಿಗೆ ಅಂಟಿಸಲು ಹೇಳಿದವನು ಅವನೇ. ಹನ್ನೆರಡು ವರ್ಷದಲ್ಲಿ ಒಂದು ಹಾಳೆಯನ್ನೂ ಮಗುಚಿ ನೋಡಿರಲಿಲ್ಲ. ಊರೂರಿನ ಗೋಡೆಗಳ ಮೇಲೆ, ಅಂಟಿನ ಅಡಿಯಲ್ಲಿ, ಆ ಗುಂಡಗಿನ ಅಕ್ಷರ ಮುಖ ಮುಚ್ಚಿಕೊಂಡು ಕೂತಿರಬೇಕು.

ತನ್ನ ಹಾಳೆಗಳು ಯೋರಿಟ್‌ನ ಹೆಸರಿನಲ್ಲಿ ಗೋಡೆ ಏರುತ್ತಿರುವುದು ಹಾರ್ಮ್‌ಗೆ ಗೊತ್ತಿತ್ತೇ? ಗೊತ್ತಿದ್ದೇ ಕೊಟ್ಟನೇ? ಕೇಕು ಕೊಡುವಾಗಿನ ಆ ಮುಖವನ್ನು ನೆನೆದುಕೊಂಡ. ಅದರಲ್ಲಿ ಏನೂ ಇರಲಿಲ್ಲ. ಖುಷಿ ಇತ್ತು, ಅಷ್ಟೇ. ಅದನ್ನೇ ಸಹಿಸಲಾಗಲಿಲ್ಲ.

ಲೀಸ್‌ಬೆತ್‌ಗೆ ಫೋನ್ ಮಾಡಿದ. ಹೇಳಿಬಿಡುತ್ತೇನೆ ಎಂದುಕೊಂಡೇ ಮಾಡಿದ. ಗೋಡೆಯ ಬರಹದಲ್ಲಿ ಇನ್ನೊಂದು ಹೆಸರು ಸೇರಿಸಲು ಸಮಯ ಇದೆಯೇ ಎಂದು ಕೇಳಿದ. ಯಾರದ್ದು, ಚೌಕಟ್ಟು ಹಾಕಿದವರದ್ದೇ ಎಂದು ಅವಳು ಕೇಳಿದಳು. ಹೊಸದೊಂದು ಹಾಳೆ ಇದೆ ಎಂದು ಮಾತು ತಿರುಗಿಸಿದ. ಅವಳ ದನಿ ಅರಳಿತು. ಹಾಗಿದ್ದರೆ ಅಂಟಿಸುವುದು ಬೇಡ, ನಡುವೆ ಮಾಡಿನಿಂದ ತೂಗುಬಿಡೋಣ, ಜನ ಸುತ್ತ ನಡೆದು ನೋಡಲಿ ಎಂದಳು.

"ಹಿಂದುಗಡೆ ಏನಾದ್ರೂ ಇದೆಯಾ?"

"ಏನಿಲ್ಲ," ಅಂದ ಯೋರಿಟ್. "ಖಾಲಿ."

ಬಾಯಿಂದ ಬಿದ್ದ ಮೇಲೆಯೇ ಅವನಿಗೂ ಅದು ಕೇಳಿಸಿದ್ದು.

ರಬ್ಬರು ತೆಗೆದುಕೊಂಡ. ಪೆನ್ಸಿಲು ಸುಲಭವಾಗಿ ಹೋಯಿತು. ಆದರೆ ಒತ್ತಿ ಬರೆಯುವ ಕೈ ಅದು. ಗೆರೆ ಹೋದರೂ ಗುಳಿ ಉಳಿಯಿತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ 'ಹಾರ್ಮ್' ಎಂದು ಸ್ಪಷ್ಟವಾಗಿ ಓದಬಹುದಿತ್ತು. ಮತ್ತೆ ತಿಕ್ಕಿದ. ಕಾಗದ ನಾರುನಾರಾಗಿ ಎದ್ದಿತು. ಇಷ್ಟಕ್ಕೇ ಬಿಟ್ಟು ಸತ್ಯ ಹೇಳಿಬಿಡಬಹುದು ಎಂದು ಯೋಚಿಸುತ್ತಲೇ ಇನ್ನೂ ಜೋರಾಗಿ ತಿಕ್ಕಿದ. ಅವನಿಗೆ ಅಳು ಬಂದಿತ್ತು, ಕೈ ಮಾತ್ರ ನಿಲ್ಲಲಿಲ್ಲ.

ಹಾಳೆ ಹರಿಯಿತು. ಹೆಸರಿದ್ದ ಕಡೆ ಒಂದು ತೂತು. ಮಗುಚಿ ನೋಡಿದರೆ ಮೀನಿನ ಕಣ್ಣೇ ಹೋಗಿತ್ತು.

ನಾಲ್ಕಕ್ಕೆ ಸರಿಯಾಗಿ ಲೀಸ್‌ಬೆತ್ ಬಂದಳು. ಅವನು ಬಾಯಿ ತೆರೆಯುವ ಮುಂಚೆಯೇ ಹಾಳೆಯನ್ನೆತ್ತಿ ಕಿಟಕಿಗೆ ಹಿಡಿದಳು. ತೂತಿನ ಅಂಚನ್ನು ಬೆರಳಿನಿಂದ ಸವರಿದಳು.

"ಈ ತೂತು," ಅಂದಳು ಕೊನೆಗೆ. "ಒಂದು ಮಾತು ಹೇಳ್ಲಾ ಯೋರಿಟ್? ಬೇಜಾರು ಮಾಡ್ಕೋಬೇಡ. ಇಷ್ಟು ವರ್ಷದಲ್ಲಿ ನೀನು ಮಾಡಿದ್ರಲ್ಲೆಲ್ಲ ಇದೊಂದೇ ನಿಜವಾಗಿ ನಿಂದು ಅನ್ನಿಸ್ತಿದೆ."

ಅವಳು ತಂದಿದ್ದ ಗೋಡೆಯ ಬರಹದ ಪ್ರತಿಯ ಕೆಳಗೆ ಅವನು ಸಹಿ ಹಾಕಿದ.

ಆರಕ್ಕೆ ಗ್ಯಾಲರಿಯಲ್ಲಿ ಹಾಳೆಯನ್ನು ತೂಗುಬಿಟ್ಟು ಅದರ ಹಿಂದೆ ಒಂದು ದೀಪ ಹಚ್ಚಿದರು. ಬಾಗಿಲ ಗಾಳಿಗೆ ಅದು ಮೆಲ್ಲಗೆ ತಿರುಗತೊಡಗಿತು. ತೂತಿನಿಂದ ನಾಣ್ಯದಷ್ಟು ಬೆಳಕು ಹೊರಬಿದ್ದು ಗೋಡೆಯ ಮೇಲೆ ತೆವಳಿತು. ಅಲ್ಲಿ ಅಂಟಿಸಿದ್ದ ಬರಹದಲ್ಲಿ ಅವನ ಹೆಸರನ್ನು ದಾಟಿ, ಅದರ ಪಕ್ಕದ ಖಾಲಿ ಬಿಳುಪಿನಲ್ಲಿ ಸ್ವಲ್ಪ ಹೊತ್ತು ನಿಂತು, ಹಿಂದಕ್ಕೆ ಹೊರಳಿ ಅವನ ಎದೆಗೆ ಬಂತು. ಯೋರಿಟ್ ಒಂದು ಹೆಜ್ಜೆ ಸರಿದ. ಹಾಳೆ ಇನ್ನೂ ತಿರುಗುತ್ತಿತ್ತು.